ಸೇಸಪ್ಪಣ್ಣನ ಚೀಟಿ ಮೂರಾದದ್ದು

"ಕಡಿದು ತುಂಡು ಮಾಡಬೇಕು ಮಾರಾಯ್ರೆ! ಇಷ್ಟು ದೊಡ್ಡ ಬ್ಯಾಂಕು ಅಂತ ಒಂದು ಇರಲೇಬಾರದು. ಊರಿಗೊಂದು ತುಂಡು, ತುಂಡಿಗೊಬ್ಬ ಇನ್‌ಸ್ಪೆಕ್ಟರು. ಆಮೇಲೆ ಯಾರು ಯಾರಿಗೆ ಟೊಪ್ಪಿ ಹಾಕುತ್ತಾರೆ ನೋಡುವ!"

ಸಾವಿರದ ಒಂಬೈನೂರ ತೊಂಬತ್ತೊಂದರ ಬೇಸಿಗೆಯ ಒಂದು ಶುಕ್ರವಾರ, ಮಸ್ಕತ್ತಿನ ವಾದಿ ಅದಾಯ್‌ನ ತಮ್ಮ ಮನೆಯ ನಡುಕೋಣೆಯಲ್ಲಿ ಸೇಸಪ್ಪಣ್ಣ ಹೀಗೆ ಗುಡುಗುತ್ತಿದ್ದರು. ರುಸೈಲಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಅವರು ಸ್ಟೋರಿನ ಮುಖ್ಯಸ್ಥರು. ಐವತ್ತೆಂಟರ ಪ್ರಾಯ, ತುಂಬಿದ ಮೈ, ನರೆತರೂ ಹುರಿ ಬಿಡದ ಮೀಸೆ. ಮಾತಿಗೆ ನಿಂತರೆ ಕಿಟಕಿಯ ಏಸಿಯ ಸದ್ದೂ ಅಡಗಿಹೋಗುವಂಥ ಕಂಠ. ಆ ವಾರ, ಹಲವು ದೇಶಗಳಲ್ಲಿ ಬಾಗಿಲು ತೆರೆದು ಕುಳಿತಿದ್ದ ದೊಡ್ಡ ಬ್ಯಾಂಕೊಂದು ಅವನ್ನೆಲ್ಲ ಒಟ್ಟಿಗೇ ಮುಚ್ಚಿಕೊಂಡಿತ್ತು. ಹಣ ಇಟ್ಟವರು, ಇಡದವರು, ಬ್ಯಾಂಕಿನ ಮೆಟ್ಟಿಲನ್ನೇ ತುಳಿಯದವರು ಎಲ್ಲರೂ ಅದನ್ನೇ ಮಾತನಾಡುತ್ತಿದ್ದರು. ಸೇಸಪ್ಪಣ್ಣನ ಮನೆಯಲ್ಲಿ ಆ ಮಾತಿಗೆ ಗೋಳಿಬಜೆಯೂ ಚಹಾವೂ ಜೊತೆಯಾಗಿದ್ದವು.

"ಹೊನ್ನಪ್ಪನವರೇ, ನೀವು ಹೇಳಿ. ಇಷ್ಟು ವರ್ಷ ಲೆಕ್ಕ ನೋಡುವವರೆಲ್ಲ ಎಂತ ಮಾಡುತ್ತಿದ್ದರು? ನಿದ್ರೆಯಾ?"

ಹೊನ್ನಪ್ಪನವರು ಮೈಸೂರು ಸೀಮೆಯವರು. ಲೆಕ್ಕ ತಪಾಸಣೆಯ ಕಚೇರಿಯೊಂದರಲ್ಲಿ ಕೆಲಸ, ಮೇಲಿನ ಮಹಡಿಯಲ್ಲಿ ವಾಸ. ಸೇಸಪ್ಪಣ್ಣನ ಪರಮ ಸ್ನೇಹಿತರಾದ್ದರಿಂದ ಅವರ ಮಾತನ್ನು ಅರ್ಧಕ್ಕೆ ತಡೆಯುವ ಹಕ್ಕು ಅವರೊಬ್ಬರಿಗೇ ಇತ್ತು. ಉಳಿದವರೆಲ್ಲ ಕರಾವಳಿಯವರು, ತಮ್ಮೊಳಗೆ ತುಳು ಮಾತನಾಡುವವರು. ಹೊನ್ನಪ್ಪನವರು ಕೆಳಗಿಳಿದು ಬಂದೊಡನೆ ಮನೆಯ ಮಾತು ಕನ್ನಡಕ್ಕೆ ಹೊರಳುತ್ತಿತ್ತು.

"ನಿದ್ರೆ ಏನಿಲ್ಲ ಸ್ವಾಮಿ," ಎಂದರು ಹೊನ್ನಪ್ಪನವರು, ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತ. "ಈ ದೇಶದೋನು ಆ ದೇಶದೋನು ನೋಡ್ಕೋತಾನೆ ಅಂದ್ಕೊಂಡ. ಆ ದೇಶದೋನು ಈ ದೇಶದೋನು ನೋಡ್ಕೋತಾನೆ ಅಂದ್ಕೊಂಡ. ಇಡಿಯಾಗಿ ನೋಡ್ದೋನು ಒಬ್ನೂ ಇಲ್ಲ. ನಿಯಮ ಇರ್ಲಿಲ್ವಾ? ಇತ್ತು. ಆದ್ರೆ ದೊಡ್ಡೋರ ಅಡುಗೆಮನೆಗೆ ಹೋಗಿ ಪಾತ್ರೆ ಮುಚ್ಚಳ ತೆಗೆಯೋಕೆ ಎಲ್ರಿಗೂ ಸಂಕೋಚ."

"ಅದೇ ನಾನು ಹೇಳುವುದು! ಸಂಕೋಚ ಎಂತದ್ದು? ತುಂಡು ಮಾಡಿ, ಮುಚ್ಚಳ ತೆಗೆದು ನೋಡಿ!"

"ಆಯ್ತು, ಮಾಡೋಣ. ಎಲ್ಲಿಂದ ಶುರು ಮಾಡೋಣ ಹೇಳಿ? ನಿಮ್ಮ ಸಂಸ್ಥಾನದಿಂದ್ಲೇನಾ?"

ಕೋಣೆ ಘೊಳ್ಳೆಂದು ನಕ್ಕಿತು. ಸೇಸಪ್ಪಣ್ಣನೂ ನಕ್ಕರು, ಆದರೆ ಆ ನಗು ಮೀನಿನ ಮುಳ್ಳಿನಂತೆ ಅವರ ಗಂಟಲಲ್ಲಿ ಸಿಕ್ಕಿಕೊಂಡಿತು.

ಸಂಸ್ಥಾನವೆಂದರೆ ಅವರ ಚೀಟಿ. ಎಂಬತ್ತೆರಡರಲ್ಲಿ ಹನ್ನೆರಡು ಮಂದಿಯಿಂದ ಆರಂಭವಾದದ್ದು. ಪ್ರತಿ ತಿಂಗಳೂ ಎಲ್ಲರೂ ಇಷ್ಟಿಷ್ಟು ರಿಯಾಲ್ ಹಾಕುವುದು, ಹೆಸರು ಬರೆದ ಕಾಗದದ ಉಂಡೆಗಳಲ್ಲಿ ಒಂದನ್ನು ಎತ್ತುವುದು, ಹೆಸರು ಬಂದವನಿಗೆ ಇಡೀ ಮೊತ್ತ ಕೊಡುವುದು. ಊರಿನಲ್ಲಿ ಮನೆಗೆ ಹಂಚು ಹೊದೆಸಿದವರು, ತಮ್ಮನಿಗೆ ರಿಕ್ಷಾ ತೆಗೆಸಿಕೊಟ್ಟವರು ಎಲ್ಲರೂ ಈ ಚೀಟಿಯ ಬಲದಿಂದಲೇ. ಆಗ ಅದಕ್ಕೆ ಮೂರು ಕಟ್ಟುಪಾಡುಗಳಿದ್ದವು: ಪರಸ್ಪರ ಮುಖಪರಿಚಯವಿಲ್ಲದವರನ್ನು ಸೇರಿಸಬಾರದು, ಹಣ ಹಿಡಿಯುವವರು ವರ್ಷಕ್ಕೊಮ್ಮೆ ಬದಲಾಗಬೇಕು, ಹಣವನ್ನು ಹಿಡಿದವರಲ್ಲ, ಬೇರೆಯವರು ಎಲ್ಲರೆದುರು ಎಣಿಸಬೇಕು.

ಈ ಕಟ್ಟುಪಾಡುಗಳನ್ನು ಮುರಿದದ್ದು ಯಾವ ಕಳ್ಳನೂ ಅಲ್ಲ, ಪ್ರೀತಿ. ಮೊದಲಿನ ಹನ್ನೆರಡು ಮಂದಿಯಲ್ಲಿ ಒಬ್ಬಳಾದ ಹರಿಣಾಕ್ಷಿಯೂ ಅವಳ ಗಂಡನೂ ದೂರದ ಇಬ್ರಿಯ ಪೇಟೆಯಲ್ಲಿ ಹೊಲಿಗೆಯ ಅಂಗಡಿ ತೆರೆದಾಗ, "ದೂರ ಹೋದೆವೆಂದು ನಮ್ಮನ್ನು ಬಿಡುತ್ತೀರಾ ಅಣ್ಣ?" ಎಂದು ಕಣ್ಣು ತುಂಬಿಕೊಂಡಳು. ಅವಳನ್ನು ಉಳಿಸಿಕೊಂಡದ್ದಕ್ಕೆ ಅವಳ ನೆರೆಯವರೂ ಬಂದರು. ಆ ನೆರೆಯವರ ಮುಖವನ್ನು ಮಸ್ಕತ್ತಿನವರು ಕಂಡವರಲ್ಲ. ಹಣ ಹಿಡಿಯುವ ಸರದಿ ರುಸೈಲಿನಲ್ಲೇ ದುಡಿಯುವ ಗುರುವನಿಗೆ ಬಂದಾಗ ಅವನು ಕೈಮುಗಿದು, "ನೀವು ಇರುವಾಗ ನಾನಾ ಅಣ್ಣ? ಲೋಕ ನಗುವುದಿಲ್ಲವಾ?" ಎಂದ. ಅಲ್ಲಿಂದ ಮುಂದೆ ಸರದಿಯೇ ಇಲ್ಲವಾಯಿತು. ಕೊನೆಗೆ, ಸೇಸಪ್ಪಣ್ಣ ಎಣಿಸಿದ ಹಣವನ್ನು ಇನ್ನೊಬ್ಬರು ಎಣಿಸುವುದೆಂದರೆ ತಾಯಿ ಬಡಿಸಿದ ಅನ್ನವನ್ನು ತಕ್ಕಡಿಗೆ ಹಾಕಿದಂತೆ ಎಂದು ಯಾರೋ ಹೇಳಿದರು. ಆ ಮಾತು ಎಲ್ಲರಿಗೂ ಹಿಡಿಸಿತು. ಸೇಸಪ್ಪಣ್ಣನಿಗಂತೂ ಬಹಳ ಹಿಡಿಸಿತು. ಈಗ ಚೀಟಿಯಲ್ಲಿ ಅರುವತ್ತರ ಹತ್ತಿರ ಜನ. ಒಂದೇ ಖಾತೆ, ಒಂದೇ ಸಹಿ.

ಬಂದವರೆಲ್ಲ ಹೊರಟ ಮೇಲೆ ಸೇಸಪ್ಪಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕೇಳಿದೆಯಾ ಉಮಾ, ಹೊನ್ನಪ್ಪನ ತಮಾಷೆ? ನನ್ನ ಚೀಟಿಯೂ ಆ ಬ್ಯಾಂಕೂ ಒಂದೇ ಅಂತೆ!" ಎಂದರು.

ಅವರ ಹೆಂಡತಿ ಉಮಾವತಿ ಬಂಗುಡೆ ಮೀನಿನ ಹೊಟ್ಟೆ ಸೀಳುತ್ತಿದ್ದವರು ತಲೆ ಎತ್ತಲಿಲ್ಲ. "ಒಂದೇ ಅಂತ ಹೇಳಲಿಲ್ಲ ಅವರು. ನೀವು ಬೇರೆಯವರಿಗೆ ಹೇಳಿದ್ದನ್ನು ನಿಮಗೂ ಹೇಳಿಕೊಳ್ಳಿ ಅಂತ ಹೇಳಿದ್ದು."

"ನಾನು ಒಂದು ಬೈಸಾ ಆಚೀಚೆ ಮಾಡಿದ್ದುಂಟಾ?"

"ಇಲ್ಲ. ಯಾರು ಹೇಳಿದ್ದು ಉಂಟು ಅಂತ?" ಉಮಾವತಿ ಕೈ ತೊಳೆದುಕೊಂಡು ಅವರತ್ತ ತಿರುಗಿದರು. "ಒಂದು ವಿಷಯ ಹೇಳುತ್ತೇನೆ, ಬೊಬ್ಬೆ ಹಾಕಬಾರದು. ಜನವರಿಯಲ್ಲಿ ನೀವು ಪಿತ್ತಕೋಶದ ಆಪರೇಷನ್ ಅಂತ ಆಸ್ಪತ್ರೆಯಲ್ಲಿ ಮಲಗಿದಿರಲ್ಲ, ಆ ತಿಂಗಳ ಚೀಟಿ ಎದ್ದದ್ದು ಯಾರಿಗೆ?"

"ಗುರುವನಿಗೆ. ಬಂದ ಕೂಡಲೇ ಕೊಟ್ಟೆನಲ್ಲ?"

"ಬಂದ ಕೂಡಲೇ ಕೊಟ್ಟಿರಿ. ಆದರೆ ನೀವು ಬರುವಾಗ ಅವನ ರಜೆ ಮುಗಿದಿತ್ತು. ಮೊದಲ ಮಗು ಹುಟ್ಟಿದೆ ಅಂತ ಊರಿಗೆ ಹೋಗಲಿಕ್ಕೆ ಆ ಹಣ ನೆಚ್ಚಿಕೊಂಡಿದ್ದ. ಟಿಕೇಟಿಗೂ ಇರಲಿಲ್ಲ ಅವನ ಕೈಯಲ್ಲಿ. ರಜೆ ಸಿಗಲಿಲ್ಲ ಅಂತ ಎಲ್ಲರಿಗೂ ಸುಳ್ಳು ಹೇಳಿದ. ನನಗೂ ಈಗ ಗೊತ್ತಾದದ್ದು, ಹರಿಣಾಕ್ಷಿ ಫೋನಿನಲ್ಲಿ ಹೇಳಿ."

"ಆಸ್ಪತ್ರೆಗೆ ಬಂದಿದ್ದನಲ್ಲ ಅವನು! ನಾಲ್ಕು ಸಲ ಬಂದ. ಕಿತ್ತಳೆ ತಂದ. ಒಂದು ಚೆಕ್ಕಿಗೆ ಸಹಿ ಹಾಕಿ ಅಂತ ಹೇಳಿದ್ದರೆ ಮಲಗಿದಲ್ಲಿಯೇ ಹಾಕುತ್ತಿದ್ದೆ."

"ಅದಕ್ಕೇ ಅವನು ಕೇಳಲಿಲ್ಲ."

ಸೇಸಪ್ಪಣ್ಣ ಬೊಬ್ಬೆ ಹಾಕಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅವರು ಗುರುವ ಕೆಲಸ ಮಾಡುವ ಪಕ್ಕದ ಟೈಲ್ಸ್ ಕಾರ್ಖಾನೆಗೆ ನಡೆದುಕೊಂಡೇ ಹೋದರು. ರುಸೈಲಿನ ಆ ಬಿಸಿಲಿನಲ್ಲಿ ನಡೆಯುವವರು ಎರಡೇ ಬಗೆಯವರು: ಕೆಲಸ ಹುಡುಕುವವರು ಮತ್ತು ಮನಸ್ಸು ಕೆಟ್ಟವರು. ಗುರುವ ಫೋರ್ಕ್‌ಲಿಫ್ಟಿನ ನೆರಳಿನಲ್ಲಿ ಕುಳಿತು ಊಟ ಮಾಡುತ್ತಿದ್ದವನು ಗಡಬಡಿಸಿ ಎದ್ದುನಿಂತ.

"ಯಾಕೆ ಕೇಳಲಿಲ್ಲ ನೀನು?" ಎಂದರು ಸೇಸಪ್ಪಣ್ಣ, ಪೀಠಿಕೆಯಿಲ್ಲದೆ.

ಗುರುವನಿಗೆ ಅರ್ಥವಾಯಿತು. ಅನ್ನ ಹಿಡಿದ ಕೈಯನ್ನು ಬೆನ್ನ ಹಿಂದೆ ಮರೆಮಾಡಿ, ನೆಲ ನೋಡುತ್ತ ನಕ್ಕ. "ಬಿಡಿ ಅಣ್ಣ. ಆ ಹೊತ್ತಿಗೆ ಹೋಗಿದ್ದರೆ ಮಗು ಮಲಗಿಕೊಂಡೇ ಇರುತ್ತಿತ್ತು. ಮುಂದಿನ ರಜೆಗೆ ಹೋಗುವಾಗ ನಡೆಯುತ್ತದೆ. ಮಲಗಿದ್ದನ್ನು ನೋಡಿ ಎಂತ ಮಾಡುವುದು?"

ಸೇಸಪ್ಪಣ್ಣ ಅವನನ್ನು ಹೆಗಲು ಹಿಡಿದು ಮತ್ತೆ ಊಟಕ್ಕೆ ಕೂರಿಸಿದರು. ಯಾರಾದರೂ ತಮ್ಮನ್ನು ಕಳ್ಳನೆಂದಿದ್ದರೆ ಅವರು ಸಿಟ್ಟಾಗಬಹುದಿತ್ತು. ಇಲ್ಲಿ ಸಿಟ್ಟಿಗೆ ಜಾಗವೇ ಇರಲಿಲ್ಲ. ಮರಳಿ ಬರುವ ದಾರಿಯಲ್ಲಿ ಅವರಿಗೆ ಒಂದು ಸಂಗತಿ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ತಾವು ಎಷ್ಟು ಪ್ರಾಮಾಣಿಕರು ಎಂಬುದು ಪ್ರಶ್ನೆಯೇ ಅಲ್ಲ. ಪ್ರಶ್ನೆ ಕೇಳಬಲ್ಲವರು ಆ ಅರುವತ್ತು ಜನರಲ್ಲಿ ಒಬ್ಬರಾದರೂ ಉಳಿದಿದ್ದಾರೆಯೇ ಎಂಬುದೇ ಪ್ರಶ್ನೆ. ನಾಳೆ ತಮ್ಮ ಕಣ್ಣು ಮಂಜಾದರೆ, ಕೈ ತಪ್ಪಿದರೆ, ಇವರು ಕಿತ್ತಳೆ ಹಿಡಿದುಕೊಂಡು ಬರುತ್ತಾರೆ; ಮುಳುಗುತ್ತಾರೆ; ಮುಳುಗುವಾಗಲೂ 'ಅಣ್ಣನಿಗೆ ಬೇಸರವಾದೀತು' ಎಂದು ಬಾಯಿ ಬಿಡುವುದಿಲ್ಲ.

ಕೇಳಬಲ್ಲವರು ಉಳಿದಿದ್ದಾರೆಯೇ ಎಂದು ನೋಡಲು ಅವರೊಂದು ಉಪಾಯ ಹೂಡಿದರು.

ಆಗಸ್ಟಿನ ಚೀಟಿ ಎತ್ತುವ ಶುಕ್ರವಾರ ನಡುಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ರಿಯಿಂದ ಹರಿಣಾಕ್ಷಿ ಅಲ್ಲಿಯವರ ಹಣ ಹಿಡಿದುಕೊಂಡು ಬಂದಿದ್ದಳು. ಹೊನ್ನಪ್ಪನವರು ಚೀಟಿಯ ಸದಸ್ಯರಲ್ಲದಿದ್ದರೂ ತಿಂಡಿಯ ಸದಸ್ಯರಾಗಿ ಮೂಲೆಯ ಕುರ್ಚಿಯಲ್ಲಿದ್ದರು. ಸೇಸಪ್ಪಣ್ಣ ಕನ್ನಡಕ ಏರಿಸಿ, "ಈ ಸಲ ಅರ್ಧ ವರ್ಷದ ಲೆಕ್ಕ ಓದುತ್ತೇನೆ," ಎಂದರು.

"ಅಯ್ಯೋ, ಬೇಡ ಅಣ್ಣ, ಸುಮ್ಮನೆ ನಿಮಗೆ ಆಯಾಸ," ಎಂಬ ಧ್ವನಿಗಳೆದ್ದವು. ಅವರು ಓದಿಯೇ ಬಿಟ್ಟರು.

"ಏಪ್ರಿಲ್ ತಿಂಗಳ ಚೀಟಿ, ಸಿಪ್ರಿಯನ್ನನಿಗೆ." ಸಿಪ್ರಿಯನ್ ವೀಸಾ ರದ್ದು ಮಾಡಿಸಿ ಊರಿಗೆ ಹೋಗಿ ಮೂರು ವರ್ಷವಾಗಿತ್ತು. ಎಲ್ಲರೂ ತಲೆಯಾಡಿಸಿದರು.

"ಮೇ ತಿಂಗಳು, ಇಬ್ರಿಯ ಇಪ್ಪತ್ತು ಜನರಿಂದ ಇಪ್ಪತ್ತಿಪ್ಪತ್ತು ರಿಯಾಲ್, ಒಟ್ಟು ಮುನ್ನೂರು." ತಲೆಗಳು ಮತ್ತೆ ಆಡಿದವು.

"ಜೂನ್, ಒಂಟೆಗೆ ಹುಲ್ಲು, ಎಂಟು ರಿಯಾಲ್."

ಮೂಲೆಯಲ್ಲಿ ಹೊನ್ನಪ್ಪನವರು ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದರು. ಉಳಿದವರು ಸಾವಧಾನದಿಂದ ಕುಳಿತಿದ್ದರು. "ಸರಿ ಉಂಟು ಅಣ್ಣ," ಎಂದ ಗುರುವ, ಎಲ್ಲರ ಪರವಾಗಿ.

"ಸರಿ ಉಂಟಾ?" ಸೇಸಪ್ಪಣ್ಣ ಕನ್ನಡಕ ತೆಗೆದರು. "ಒಂಟೆ ಎಲ್ಲುಂಟು ಗುರುವ?"

ಗುರುವ ಅತ್ತಿತ್ತ ನೋಡಿದ. "ನೀವು ಹೇಳಿದಿರಿ ಅಂದ ಮೇಲೆ... ಎಲ್ಲೋ ಇರಬೇಕು ಅಣ್ಣ."

"ಎಲ್ಲೋ ಇರಬೇಕಾ! ನಾಳೆ ನಾನು ಆನೆ ಕಟ್ಟಿದ್ದೇನೆ ಅಂತ ಓದಿದರೆ ಮಾವುತನಿಗೆ ಸಂಬಳ ಕೊಡುತ್ತೀರಾ ನೀವು? ಸಿಪ್ರಿಯನ್ ಈಗ ಊರಿನಲ್ಲಿ ದೋಣಿ ಇಟ್ಟುಕೊಂಡಿದ್ದಾನೆ! ಇಪ್ಪತ್ತು ಇಪ್ಪತ್ತಲಿ ಎಷ್ಟು ಅಂತ ಒಬ್ಬನಿಗೂ ಗೊತ್ತಿಲ್ಲವಾ ಇಲ್ಲಿ?"

"ಗೊತ್ತುಂಟು ಅಣ್ಣ," ಎಂದಳು ಹರಿಣಾಕ್ಷಿ ಮೆಲ್ಲಗೆ. "ನಿಮಗೆ ಮೊನ್ನೆಯಿಂದ ಸುಖವಿಲ್ಲ ಅಂತ ಉಮಕ್ಕ ಹೇಳಿದ್ದರು. ಅದಕ್ಕೆ ಸುಮ್ಮನಿದ್ದೆ. ಕಡಿಮೆ ಬಿದ್ದ ನೂರನ್ನು ನಾವು ಇಬ್ರಿಯವರು ಹಾಕಿಬಿಡುವ ಅಂತ ಯೋಚನೆ ಮಾಡುತ್ತಿದ್ದೆ."

ಸೇಸಪ್ಪಣ್ಣ ಕುಳಿತುಬಿಟ್ಟರು. ಉಮಾವತಿ ಬಂದು ನಿಂಬೆಹಣ್ಣಿನ ಶರಬತ್ತಿನ ಲೋಟ ಅವರ ಕೈಗಿತ್ತು, ಅಲ್ಲಿಂದ ಕದಲದೆ ಪಕ್ಕದಲ್ಲೇ ನಿಂತರು.

"ಇನ್ನು ಈ ಚೀಟಿ ಒಂದಲ್ಲ," ಎಂದರು ಸೇಸಪ್ಪಣ್ಣ, ಸಣ್ಣ ಧ್ವನಿಯಲ್ಲಿ. "ಮೂರು. ವಾದಿ ಅದಾಯ್‌ನವರದ್ದು ಒಂದು, ರುಸೈಲಿನವರದ್ದು ಒಂದು, ಇಬ್ರಿಯವರದ್ದು ಒಂದು. ಪ್ರತಿಯೊಂದಕ್ಕೂ ಬೇರೆ ಬೇರೆ ಕೈ. ವರ್ಷಕ್ಕೊಮ್ಮೆ ಕೈ ಬದಲಬೇಕು. ಎಣಿಸುವವರು ಬೇರೆ. ಮೊದಲ ವರ್ಷ ಯಾವುದನ್ನೂ ನಾನು ಹಿಡಿಯುವುದಿಲ್ಲ."

ಸಾವಿನ ಸುದ್ದಿ ಕೇಳಿದ ಮನೆಯಂತಾಯಿತು. "ನಮ್ಮಿಂದ ಏನು ತಪ್ಪಾಯಿತು ಅಣ್ಣ?" ಎಂದು ಒಬ್ಬರು, "ನಮ್ಮನ್ನು ಕೈಬಿಡುತ್ತೀರಾ?" ಎಂದು ಇನ್ನೊಬ್ಬರು. ಗುರುವ ಎದ್ದುನಿಂತು, "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಹೇಳಿದ ಹಾಗೆ ಆಗುವುದಿಲ್ಲವಾ? ಎಣಿಸುವುದಾದರೆ ನನ್ನ ಹೆಸರು ತೆಗೆಯಿರಿ," ಎಂದ.

"ಕೂತುಕೋ. ನಮ್ಮ ಕಾರ್ಖಾನೆಯ ಗೇಟಿನ ವಾಚ್‌ಮನ್ನನ್ನು ನೀನು ನೋಡಿದ್ದೀಯಲ್ಲ, ಆ ಬಲೂಚಿ? ವರ್ಷಾನುಗಟ್ಟಲೆಯಿಂದ ನನ್ನ ಫ್ಲಾಸ್ಕಿನ ಚಹಾ ಕುಡಿಯುತ್ತಾನೆ. ನನಗೆ ಆಪರೇಷನ್ ಆದಾಗ ಉಪವಾಸ ಹಿಡಿದವ ಅವನು. ಆದರೂ ಸಂಜೆ ಹೊರಡುವಾಗ ನನ್ನ ಚೀಲ ಬಿಚ್ಚಿ ನೋಡಿಯೇ ಬಿಡುತ್ತಾನೆ. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಾನೆ. ಅವನಿಗೆ ನನ್ನ ಮೇಲೆ ಪ್ರೀತಿ ಕಡಿಮೆಯಾ?"

ಗುರುವ ಕುಳಿತುಕೊಂಡ.

"ಒಂದು ದಿನ ಅವನು ನೋಡದೆ ಬಿಟ್ಟ ಅಂತ ಇಟ್ಟುಕೊಳ್ಳಿ. ಮರುದಿನ ಸ್ಟೋರಿನಲ್ಲಿ ನಾಲ್ಕು ಡಬ್ಬಿ ಬಣ್ಣ ಕಡಿಮೆ. ಸೇಸಪ್ಪ ಅಲ್ಲ ಅಂತ ಎದೆ ತಟ್ಟಿ ಹೇಳುವವರು ಯಾರು? ಅವನು ನನ್ನ ಚೀಲ ನೋಡುವುದರಿಂದ ನಾನು ತಲೆಯೆತ್ತಿ ನಡೆಯುತ್ತೇನೆ. ನೀವು ಒಂಬತ್ತು ವರ್ಷದಿಂದ ನನ್ನ ಚೀಲ ನೋಡಿಲ್ಲ. ನಾನು ಕಳ್ಳನಲ್ಲ ಅಂತ ನಿಮಗೆ ಗೊತ್ತಿಲ್ಲ. ಬರೀ ನಂಬಿಕೆ ಉಂಟು."

"ಅಲ್ಲಿಗೆ ಖಲಾಸ್," ಎಂದರು ಹೊನ್ನಪ್ಪನವರು ಮೂಲೆಯಿಂದ. "ನಾನು ಆಫೀಸ್ನಲ್ಲಿ ಇಪ್ಪತ್ತು ವರ್ಷದಿಂದ ಹೇಳೋಕೆ ಒದ್ದಾಡ್ತಿರೋದು ಇದನ್ನೇ ಕಣ್ರೀ."

ಆದರೂ ಒಪ್ಪಿಗೆ ಸುಲಭದಲ್ಲಿ ಸಿಗಲಿಲ್ಲ. ಎರಡು ವಾರ ಮನೆಗೆ ಜನ ಬಂದು ಮುಖ ಸಣ್ಣದು ಮಾಡಿ ಕುಳಿತರು; ಕೆಲವರು ಉಮಾವತಿಯ ಮೂಲಕ ರಾಯಭಾರ ನಡೆಸಿದರು. "ನನ್ನ ಗಂಡನನ್ನು ಒಪ್ಪಿಸುವುದು ನನಗೇ ಸಾಧ್ಯವಾಗಿಲ್ಲ, ನಿಮಗೆ ಹೇಗೆ ಒಪ್ಪಿಸಿಕೊಡಲಿ?" ಎಂದು ಅವರು ಎಲ್ಲರಿಗೂ ಚಹಾ ಕೊಟ್ಟು ಕಳುಹಿಸಿದರು. ಕೊನೆಗೆ ರುಸೈಲಿನ ಕೈ ಗುರುವನದ್ದೆಂದೂ, ಇಬ್ರಿಯದ್ದು ಹರಿಣಾಕ್ಷಿಯದ್ದೆಂದೂ, ವಾದಿ ಅದಾಯ್‌ನದ್ದು ಉಮಾವತಿಯ ಗೆಳತಿ ಮೋಹಿನಿಯದ್ದೆಂದೂ ತೀರ್ಮಾನವಾಯಿತು. ರುಸೈಲಿನ ಪಾಲು ಹಸ್ತಾಂತರವಾದ ದಿನ ಗುರುವ ನೋಟುಗಳನ್ನು ಎಣಿಸಿದನೆನ್ನುವುದಕ್ಕಿಂತ ಸವರಿದನೆನ್ನಬೇಕು. ಮೋಹಿನಿ ತನ್ನ ಪಾಲನ್ನು ಕಣ್ಣು ಮುಚ್ಚಿ ಎಣಿಸಿದಳು. ಸೇಸಪ್ಪಣ್ಣನ ಮನಸ್ಸು ಕುಗ್ಗಿತು. ಚೀಟಿ ತುಂಡಾಯಿತು, ಕಟ್ಟುಪಾಡು ಬಾಯಿಮಾತಿನಲ್ಲಿ ಮರಳಿ ಬಂತು; ಕೇಳುವ ನಾಲಿಗೆಯೊಂದು ಮಾತ್ರ ಬರಲಿಲ್ಲ.

ಅಕ್ಟೋಬರಿನಲ್ಲಿ ಕೊನೆಯ ಪಾಲನ್ನು ಒಪ್ಪಿಸಲು ಅವರು ಉಮಾವತಿಯೊಡನೆ ಹೊನ್ನಪ್ಪನವರ ಕೊರೊಲಾ ಕಾರಿನಲ್ಲಿ ಇಬ್ರಿಗೆ ಹೊರಟರು. ದಾರಿಯುದ್ದಕ್ಕೂ ಬೋಳು ಗುಡ್ಡಗಳು, ನಡುನಡುವೆ ಖರ್ಜೂರದ ತೋಟಗಳು. ಹೊನ್ನಪ್ಪನವರು ಮುದ್ದೆಯ ಮಹಿಮೆಯನ್ನು ಎಷ್ಟು ಬಣ್ಣಿಸಿದರೂ ಸೇಸಪ್ಪಣ್ಣ ಮೀನಿನ ಪಕ್ಷ ಹಿಡಿದು ಜಗಳಕ್ಕೆ ಬರಲಿಲ್ಲ.

ಹರಿಣಾಕ್ಷಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ರಿಯ ಸದಸ್ಯರು ಚಾಪೆಯ ಮೇಲೆ ಕುಳಿತಿದ್ದರು. ಸೇಸಪ್ಪಣ್ಣನಿಗೆಂದು ಕುರ್ಚಿ ಹಾಕಿದ್ದರು, ಅವರು ಕೂರಲಿಲ್ಲ. ನೋಟಿನ ಕಟ್ಟನ್ನು ಅವಳ ಮುಂದಿಟ್ಟು, "ನಾನ್ನೂರು. ಎಣಿಸು," ಎಂದು ಕೈ ಕಟ್ಟಿ ನಿಂತರು.

ಹರಿಣಾಕ್ಷಿ ನಾಚುತ್ತ ನಾಚುತ್ತ ಎಣಿಸತೊಡಗಿದಳು. ಬಟ್ಟೆಯ ಅಳತೆ ಹಿಡಿದು ಪಳಗಿದ ಬೆರಳುಗಳು. ಒಮ್ಮೆ ಹಿಡಿದರೆ ಅವಕ್ಕೆ ಸಂಕೋಚ ತಿಳಿಯದು. ಕೊನೆಯ ನೋಟಿಗೆ ಬಂದು ಅವಳು ನಿಂತಳು. ಮತ್ತೆ ಮೊದಲಿಂದ ಎಣಿಸಿದಳು. ಮತ್ತೆ ನಿಂತಳು. ಆಮೇಲೆ ಯಾರ ಮುಖವನ್ನೂ ನೋಡದೆ, ಎಡಗೈಯನ್ನು ಮೆಲ್ಲಗೆ ಮಗ್ಗುಲಲ್ಲಿದ್ದ ತನ್ನ ಪರ್ಸಿನೊಳಕ್ಕೆ ಇಳಿಸಿದಳು.

ಸೇಸಪ್ಪಣ್ಣ ಅದನ್ನು ಕಂಡರು. ಹೊರಡುವ ಮೊದಲು ತಾವೇ ಎರಡು ಸಲ ಎಣಿಸಿದ್ದರಲ್ಲ!

"ಹರಿಣಾಕ್ಷಿ, ಆ ಕೈ ಹೊರಗೆ ತೆಗೆ. ಬರಿಗೈ ತೆಗೆ. ಎಂತ ಉಂಟು, ಬಾಯಿಯಲ್ಲಿ ಹೇಳು."

ಅವಳ ಮುಖ ಕೆಂಪಾಯಿತು. ಬರಿಗೈಯನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡಳು. ಕೋಣೆಯಲ್ಲಿ ಎಲ್ಲರೂ ತಂತಮ್ಮ ಕಾಲ್ಬೆರಳನ್ನು ನೋಡುತ್ತಿದ್ದರು. ಉಮಾವತಿ ಮಾತ್ರ ಅವಳನ್ನೇ ನೋಡುತ್ತ, "ಹೇಳು ಮಗಳೇ, ಅವರನ್ನು ನಾನು ನೋಡಿಕೊಳ್ಳುತ್ತೇನೆ," ಎಂದರು.

"ಹತ್ತು ರಿಯಾಲ್ ಕಡಿಮೆ ಉಂಟು ಅಣ್ಣ," ಎಂದಳು ಹರಿಣಾಕ್ಷಿ.

ಹೊನ್ನಪ್ಪನವರು ಸೇಸಪ್ಪಣ್ಣನ ಕಿವಿಯ ಬಳಿ ಬಗ್ಗಿ, "ಇದೂ ಒಂಟೆ ಹುಲ್ಲೇನ್ರೀ?" ಎಂದು ಪಿಸುಗುಟ್ಟಿದರು.

"ಅಲ್ಲ ಮಾರಾಯ್ರೆ. ಈ ಸಲ ನಿಜವಾದ ಒಂಟೆಯೇ," ಎಂದರು ಸೇಸಪ್ಪಣ್ಣ. ಅವರ ಕಿವಿಗಳು ಬಿಸಿಯಾಗಿದ್ದವು. ಎಲ್ಲಿ ತಪ್ಪಿತೆಂಬುದು ಅವರಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ಜೇಬಿನಿಂದ ಹತ್ತರ ನೋಟೊಂದನ್ನು ತೆಗೆದು, ಬಗ್ಗಿ, ಚಾಪೆಯ ಮೇಲಿಟ್ಟರು. "ತಪ್ಪು ನನ್ನದು," ಎಂದರು. ಹಾಗೆ ಹೇಳಲು ಅವರು ಅಭ್ಯಾಸ ತಪ್ಪಿದವರು. ಮಾತು ಸ್ವಲ್ಪ ಗಟ್ಟಿಯಾಗಿಯೇ ಬಂತು.

ಹರಿಣಾಕ್ಷಿ ಆ ನೋಟನ್ನು ಉಳಿದವುಗಳ ಮೇಲಿಟ್ಟು ಕ್ಷಣಕಾಲ ಯೋಚಿಸಿದಳು. "ಇನ್ನೊಮ್ಮೆ ಎಣಿಸುತ್ತೇನೆ," ಎಂದಳು.

"ಜೋರಾಗಿ ಎಣಿಸಿ ಅಕ್ಕ, ನಮಗೂ ಕೇಳಲಿ," ಎಂದರು ಹಿಂದಿನ ಸಾಲಿನಿಂದ ಯಾರೋ, ಸೇಸಪ್ಪಣ್ಣನಿಗೆ ಹೆಸರೂ ತಿಳಿಯದವರು.

ಅವಳು ಜೋರಾಗಿ ಎಣಿಸತೊಡಗಿದಳು. ಒಂದೆರಡು ಧ್ವನಿಗಳು ಜೊತೆಗೂಡಿದವು, ಮತ್ತೆ ನಾಲ್ಕೈದು. ಮುಂದಿನ ಸಾಲಿನವರು ಮೊಣಕಾಲೂರಿ ನೋಟುಗಳತ್ತ ಬಾಗಿದರು. ಸೇಸಪ್ಪಣ್ಣ ಕುರ್ಚಿಯನ್ನು ಬದಿಗೆ ಸರಿಸಿ, ಉಮಾವತಿ ಬಿಟ್ಟುಕೊಟ್ಟ ಜಾಗದಲ್ಲಿ ಚಾಪೆಯ ಮೇಲೆ ಕಾಲು ಮಡಚಿ ಕುಳಿತರು. ಇವರೆಲ್ಲರಿಗೂ ಒಂದು ಮಾತು ಹೇಳಬೇಕೆನ್ನಿಸಿ ಗಂಟಲು ಸರಿಪಡಿಸಿಕೊಂಡು, "ಇಲ್ಲಿ ಕೇಳಿ, ನನಗೆ ಇವತ್ತು..." ಎಂದು ಆರಂಭಿಸಿದರು.

"ಸ್ವಲ್ಪ ಸುಮ್ಮನಿರಿ ಅಣ್ಣ," ಎಂದಳು ಹರಿಣಾಕ್ಷಿ ತಲೆ ಎತ್ತದೆ. "ಎಣಿಕೆ ತಪ್ಪುತ್ತದೆ."

ಸೇಸಪ್ಪಣ್ಣ ಸುಮ್ಮನಾದರು.